ಮಾತ್ಸುನ್: ಪದ ಬಿಡಿಸುವ ಬಗೆ, ಹೆಪ್ಪು ಹಾಕುವ ಬಗೆ

ಅರ್ಮೇನಿಯಾದಲ್ಲಿ ಮೊಸರಿಗೆ ಮಾತ್ಸುನ್ ಎನ್ನುತ್ತಾರೆ. ಬಹಳ ಹಳೆಯ ಪದ. ಅದರೊಳಗೆ ಹಾಲಿನ ಸುಳಿವಿಲ್ಲ, ಹುಳಿಯ ಸುಳಿವೂ ಇಲ್ಲ. ಇರುವುದು ‘ಅಂಟಿಕೊಂಡು ಗಟ್ಟಿಯಾಗು’ ಎಂಬ ಕ್ರಿಯೆ ಮಾತ್ರ. ಕನ್ನಡದ ‘ಹೆಪ್ಪುಗಟ್ಟು’ ಇದಕ್ಕೆ ತೀರ ಹತ್ತಿರ. ಮಾತ್ಸುನ್ ಮಾಡುವಾಗ ಏನನ್ನು ನೋಡಬೇಕು, ಎಲ್ಲಿ ನಿಲ್ಲಿಸಬೇಕು ಎನ್ನುವುದನ್ನು ಈ ಹೆಸರೇ ಹೇಳಿಬಿಡುತ್ತದೆ. ಹಾಗಾಗಿ ಮೊದಲು ಪದ, ಆಮೇಲೆ ಪಾತ್ರೆ.

ಪದವನ್ನು ಬಿಡಿಸುವುದು

ಮೊದಲು ಪದದ ಬಾಲವನ್ನು ಕಳಚಿ. ಹಳೆಯ ಅರ್ಮೇನಿಯನ್‌ನಲ್ಲಿ ‘-ಉನ್’ ಒಂದು ಪ್ರತ್ಯಯ. ಧಾತುವಿಗೆ ಇದು ಸೇರಿದರೆ ಆ ಕ್ರಿಯೆ ಮಾಡುವಂಥದು, ಆ ಸ್ಥಿತಿಯಲ್ಲಿ ಇರುವಂಥದು ಎಂಬ ಅರ್ಥ ಬರುತ್ತದೆ. ‘ಖೊಸೆಲ್’ ಎಂದರೆ ಮಾತಾಡುವುದು, ‘ಖೊಸುನ್’ ಎಂದರೆ ಮಾತಾಡುವಂಥದು. ಅದೇ ರೀತಿ ಮಾತ್ಸುನ್‌ನಿಂದ ‘-ಉನ್’ ತೆಗೆದರೆ ‘ಮಾತ್ಸ್’ ಎಂಬ ಧಾತು ಉಳಿಯುತ್ತದೆ. ಇದರ ಹಳೆಯ ಕ್ರಿಯಾಪದ ‘ಮಾತ್ಸಾನಿಮ್’: ಅಂಟುತ್ತೇನೆ, ಗಟ್ಟಿಗಟ್ಟುತ್ತೇನೆ. ಹಳೆಯ ಅರ್ಮೇನಿಯನ್ ನಿಘಂಟುಗಳು ಕ್ರಿಯಾಪದವನ್ನು ‘ನಾನು’ ಎಂಬ ಕರ್ತೃವಿನ ರೂಪದಲ್ಲೇ ಕೊಡುತ್ತವೆ, ಕೊನೆಯ ‘ಮ್’ ಅದರ ಗುರುತು. ಇದು ತಿಳಿಯದೆ ಈಗಿನ ‘-ಎಲ್’ ರೂಪವನ್ನು ಹುಡುಕುತ್ತ ಹೋದವರಿಗೆ ಪದ ಸಿಗುವುದೇ ಇಲ್ಲ.

ಎರಡನೆಯದಾಗಿ, ಅದೇ ಧಾತುವಿನ ಬೇರೆ ಮಕ್ಕಳು ಬದುಕಿದ್ದಾರೆಯೇ ನೋಡಿ. ಪದದ ಅರ್ಥಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಇಂದಿನ ಅರ್ಮೇನಿಯನ್‌ನಲ್ಲಿ ‘ಮಾತ್ಸುಕ್’ ಎಂದರೆ ಪೇಸ್ಟ್. ಟೂತ್‌ಪೇಸ್ಟಿಗೆ ‘ಅತಾಮಿ ಮಾತ್ಸುಕ್’ ಎನ್ನುತ್ತಾರೆ. ‘ಮಾತ್ಸುತ್ಸಿಕ್’ ಎಂದರೆ ಅಂಟಂಟಾದ, ಜಿಗುಟಾದ. ಭೌತಶಾಸ್ತ್ರದ ಸ್ನಿಗ್ಧತೆಗೂ ಇದರಿಂದಲೇ ಹುಟ್ಟಿದ ಪದವಿದೆ. ಟೂತ್‌ಪೇಸ್ಟೂ ಮೊಸರೂ ಒಂದೇ ಬೇರಿನವು ಎಂದಮೇಲೆ ಆ ಬೇರಿನ ಅರ್ಥ ರುಚಿಯದಲ್ಲ, ಹದದ್ದು ಎನ್ನುವುದರಲ್ಲಿ ಅನುಮಾನ ಉಳಿಯುವುದಿಲ್ಲ.

ನಿಘಂಟು ತೆರೆಯುವುದು ಮೂರನೆಯ ಹೆಜ್ಜೆ. ಎರಡು ಇದ್ದರೆ ಬಹುಪಾಲು ಕೆಲಸ ಮುಗಿಯುತ್ತದೆ. ಒಂದು, ವೆನಿಸ್‌ನ ಸಾನ್ ಲಾಜ್ಜಾರೋ ದ್ವೀಪದ ಅರ್ಮೇನಿಯನ್ ಕ್ಯಾಥೊಲಿಕ್ ಪಂಗಡದ ಮೆಖಿತಾರಿಸ್ಟ್ ಸನ್ಯಾಸಿಗಳು 1836–37ರಲ್ಲಿ ಎರಡು ಸಂಪುಟಗಳಲ್ಲಿ ಹೊರತಂದ ಹಳೆಯ ಅರ್ಮೇನಿಯನ್ನಿನ ದೊಡ್ಡ ನಿಘಂಟು: ಪದ ಯಾವ ಹಳೆಯ ಬರಹದಲ್ಲಿ ಬಂದಿದೆ ಎಂದು ಉದಾಹರಣೆ ಸಮೇತ ಹೇಳುತ್ತದೆ. ಇನ್ನೊಂದು ಭಾಷಾವಿಜ್ಞಾನಿ ಹ್ರಾಚಿಯಾ ಅಚಾರ್ಯಾನ್ ಅವರ ಧಾತುಕೋಶ, 1926ರಿಂದ 1935ರವರೆಗೆ ಸಂಪುಟ ಸಂಪುಟವಾಗಿ ಬಂದದ್ದು. ಇದರಲ್ಲಿ ಪದವನ್ನಲ್ಲ, ಧಾತುವನ್ನು ಹುಡುಕಬೇಕು; ಬಾಲ ಕಳಚುವ ಕೆಲಸವನ್ನು ಮೊದಲು ಮಾಡಿಕೊಳ್ಳುವುದು ಇದಕ್ಕಾಗಿಯೇ. ಪ್ರತಿ ಧಾತುವಿನ ಕೊನೆಯಲ್ಲಿ ಉಪಭಾಷೆಗಳ ರೂಪಗಳು, ಅರ್ಮೇನಿಯನ್‌ನಿಂದ ಬೇರೆ ಭಾಷೆಗಳಿಗೆ ಹೋದ ರೂಪಗಳು ಪಟ್ಟಿಯಾಗಿರುತ್ತವೆ. ಅವಸರದಲ್ಲಿ ಎಲ್ಲರೂ ಹಾರಿಸಿಬಿಡುವ ಈ ಕೊನೆಯ ಭಾಗವೇ ಆಹಾರ ಪದಗಳ ಮಟ್ಟಿಗೆ ಹೆಚ್ಚು ಬೆಲೆಬಾಳುವುದು, ಏಕೆಂದರೆ ತಿನಿಸಿನ ಹೆಸರುಗಳು ಗಡಿ ದಾಟುವಷ್ಟು ಸಲೀಸಾಗಿ ಇನ್ನಾವ ಪದವೂ ದಾಟುವುದಿಲ್ಲ.

ಆಮೇಲೆ ಹೊರಗಿನ ನೆಂಟರು. ಅರ್ಮೇನಿಯನ್ ಇಂಡೋ-ಯುರೋಪಿಯನ್ ಕುಟುಂಬದ ಭಾಷೆ. ಅದು ಇರಾನಿ ಭಾಷೆಗಳ ಒಂದು ಕವಲಲ್ಲ, ತನ್ನದೇ ಪ್ರತ್ಯೇಕ ಶಾಖೆ ಎಂದು 1875ರಲ್ಲಿ ಜರ್ಮನ್ ಭಾಷಾವಿಜ್ಞಾನಿ ಹೈನ್ರಿಚ್ ಹ್ಯೂಬ್ಷ್‌ಮನ್ ತೋರಿಸಿಕೊಟ್ಟರು. ಅವರು ಹಿಡಿದದ್ದು ಧ್ವನಿ ನಿಯಮಗಳ ದಾರಿ. ನಮಗೆ ಬೇಕಾದ ನಿಯಮ ಸುಲಭದ್ದು: ಸಂಸ್ಕೃತದಲ್ಲಿ ‘ಜ’ ಆಗಿ, ಗ್ರೀಕಿನಲ್ಲಿ ‘ಗ’ ಆಗಿ ಉಳಿದ ಒಂದು ಮೂಲಧ್ವನಿ ಅರ್ಮೇನಿಯನ್‌ನಲ್ಲಿ ‘ತ್ಸ’ ಆಗುತ್ತದೆ. ಮೊಣಕಾಲಿಗೆ ಸಂಸ್ಕೃತ ‘ಜಾನು’, ಗ್ರೀಕ್ ‘ಗೋನು’, ಹಳೆಯ ಅರ್ಮೇನಿಯನ್ ‘ತ್ಸುನ್ರ್’. ‘ಜನನ’ದ ಜನ್ ಧಾತುವಿಗೆ ಅರ್ಮೇನಿಯನ್ ‘ತ್ಸಿನ್’. ಈ ನಿಯಮವನ್ನು ಹಿಂದುಮುಂದಾಗಿ ಹಾಕಿದರೆ ‘ಮಾತ್ಸ್’ ಹಿಂದೆ ‘ಮಗ್’ನಂಥ ಒಂದು ಮೂಲ ಇರಬೇಕು. ಅದು ಇದೆ: ನಾದು, ಬಳಿ, ಒತ್ತು ಎಂಬ ಅರ್ಥದ ಧಾತು. ನಾದಿದ ಬಾರ್ಲಿ ಹಿಟ್ಟಿನ ತಿನಿಸಿಗೆ ಗ್ರೀಕರು ಇಟ್ಟ ‘ಮಾಜಾ’ ಎಂಬ ಹೆಸರೂ ಇದೇ ಧಾತುವಿನದು. ಕುತೂಹಲವೆಂದರೆ, ಇದಕ್ಕೆ ನೆಂಟಸ್ತಿಕೆ ಏನೂ ಇಲ್ಲದ ತುರ್ಕಿಯ ‘ಯೊಗುರ್ತ್’ ಕೂಡ ‘ನಾದು’ ಎಂಬರ್ಥದ ಕ್ರಿಯಾಪದದ ಬಳಗದ್ದೇ.

ಎಡವುವುದು ಸಾಮಾನ್ಯವಾಗಿ ಇಲ್ಲಿ. ಕಿವಿಗೆ ಒಂದೇ ಥರ ಕೇಳಿಸಿದ ಮಾತ್ರಕ್ಕೆ ನಂಟು ಕಟ್ಟುವುದು ಮೊದಲ ತಪ್ಪು. ಹೀಬ್ರೂವಿನ ‘ಮತ್ಸಾ’ ಹುಳಿಬರಿಸದ ರೊಟ್ಟಿ, ಮಾತ್ಸುನ್‌ಗೂ ಅದಕ್ಕೂ ಸಂಬಂಧವಿಲ್ಲ. ಅಭಿಮಾನದಿಂದ ಮೂಲ ಹುಡುಕುವುದು ಎರಡನೆಯದು. ದ್ರಾಕ್ಷಿ ಎಲೆಯಲ್ಲಿ ಹೂರಣ ಸುತ್ತಿ ಬೇಯಿಸುವ ತೋಲ್ಮಾ ಅರ್ಮೇನಿಯಾದ ಮನೆಮನೆಯ ಅಡುಗೆ, ನಿಜ. ಆದರೆ ಹೆಸರು ತುರ್ಕಿಯ ‘ತುಂಬು’ ಎಂಬ ಕ್ರಿಯಾಪದದ್ದು. ದ್ರಾಕ್ಷಿ ಎಲೆಗೆ ಇದ್ದ ಯಾವುದೋ ಪ್ರಾಚೀನ ಹೆಸರಿನಿಂದ ಬಂತು ಎನ್ನುವ ಜನಪ್ರಿಯ ವಿವರಣೆಯನ್ನು ಧ್ವನಿ ನಿಯಮದ ಮುಂದೆ ನಿಲ್ಲಿಸಿ ನೋಡಿ, ಆಮೇಲೆ ನಂಬಿ. ಪದ ಬೇರೆಯವರದಾದರೆ ಅಡುಗೆಯೂ ಬೇರೆಯವರದು ಎಂದೇನಿಲ್ಲ. ಇನ್ನು ಕಾಲುಸೂಪಾದ ಖಾಶ್ ಮತ್ತು ಸುಟ್ಟ ಮಾಂಸವಾದ ಖೊರೊವಾತ್ಸ್‌ನಂಥ ಪದಗಳಲ್ಲಿ ಒಗಟೇ ಇಲ್ಲ: ಮೊದಲನೆಯದು ‘ನೀರಲ್ಲಿ ಬೇಯಿಸು’ ಎಂಬ ಖಾಶೆಲ್‌ನಿಂದ, ಎರಡನೆಯದು ‘ಬೆಂಕಿಯಲ್ಲಿ ಸುಡು’ ಎಂಬ ಖೊರೊವೆಲ್‌ನಿಂದ. ಪದಾರ್ಥವನ್ನು ಬಿಟ್ಟು ಅದಕ್ಕೆ ಆದದ್ದನ್ನೇ ಹೆಸರಾಗಿಸುವ ಈ ಸಾಲಿನಲ್ಲಿ ಮಾತ್ಸುನ್ ಕೂಡ ಒಂದು.

ಒಂದೇ ಪದ ಹಲವು ವೇಷದಲ್ಲಿ ಸಿಗುತ್ತದೆ. ಪೂರ್ವ ಅರ್ಮೇನಿಯನ್‌ನಲ್ಲಿ, ಅಂದರೆ ರಾಜಧಾನಿ ಯೆರೆವಾನ್ ಕಡೆಯ ಮಾತಿನಲ್ಲಿ, ಅದು ಮಾತ್ಸುನ್. ಪಶ್ಚಿಮ ಅರ್ಮೇನಿಯನ್‌ನಲ್ಲಿ ಅದೇ ಅಕ್ಷರವನ್ನು ‘ದ್ಜ’ ಎಂದು ಓದುವುದರಿಂದ ಮಾದ್ಜುನ್ ಆಗುತ್ತದೆ. ಬರೆಯುವುದು ಒಂದೇ, ಉಚ್ಚಾರ ಬೇರೆ. ಜಾರ್ಜಿಯಾದಲ್ಲಿ ಮಾತ್ಸೋನಿ, ಕೊನೆಯ ‘ಇ’ ಜಾರ್ಜಿಯನ್ ಭಾಷೆಯ ಪ್ರಥಮಾ ವಿಭಕ್ತಿ. ಪದವನ್ನು ಧಾತು-ಪ್ರತ್ಯಯವಾಗಿ ಬಿಡಿಸಲು ಬರುವುದು ಅರ್ಮೇನಿಯನ್‌ನಲ್ಲಿ ಮಾತ್ರ, ಹಾಗಾಗಿ ಎರವಲು ಹೋದ ದಿಕ್ಕು ಅರ್ಮೇನಿಯನ್‌ನಿಂದ ಜಾರ್ಜಿಯನ್ ಕಡೆಗೆ. ಅಮೆರಿಕಕ್ಕೆ ವಲಸೆ ಹೋದವರೂ ಪದವನ್ನು ಜೊತೆಗೇ ಒಯ್ದರು. 19ನೆಯ ಶತಮಾನದ ಕೊನೆಯಲ್ಲಿ ನ್ಯೂಯಾರ್ಕಿನ ವೈದ್ಯ ದಾದಿರ್ರಿಯನ್ ಇದನ್ನು ‘ಮಾತ್ಜೂನ್’ ಎಂದು ಬಾಟಲಿಯಲ್ಲಿ ಮಾರುತ್ತಿದ್ದರು. ಹೆಸರು ತನಗೊಬ್ಬನಿಗೇ ಸೇರಬೇಕೆಂದು ಅವರು ಹೂಡಿದ ದಾವೆ ನಿಲ್ಲಲಿಲ್ಲ: ಅದು ಅರ್ಮೇನಿಯನ್ನರು ದಿನವೂ ಬಳಸುವ ಸಾಮಾನ್ಯ ಪದ, ಟ್ರೇಡ್‌ಮಾರ್ಕ್ ಅಲ್ಲ ಎಂದಾಯಿತು.

ಹೆಪ್ಪು ಹಾಕುವುದು

ಮಾತ್ಸುನ್‌ಗೆ ಹಸು, ಕುರಿ, ಆಡು, ಎಮ್ಮೆ ಯಾವ ಹಾಲಾದರೂ ನಡೆಯುತ್ತದೆ, ಬೆರೆಸಿಯೂ ಮಾಡುತ್ತಾರೆ. ಕುರಿ ಹಾಲಿನಲ್ಲಿ ಘನಾಂಶ ಹೆಚ್ಚು, ಹೆಚ್ಚು ಕಷ್ಟಪಡದೆಯೇ ಚಾಕುವಿನಿಂದ ಕತ್ತರಿಸುವಂತೆ ಕೂರುತ್ತದೆ. ಆಡಿನ ಹಾಲಿನದು ಸಡಿಲವಾಗಿಯೇ ಉಳಿಯುತ್ತದೆ. ಅದನ್ನು ತಪ್ಪೆಂದು ಎಣಿಸಬೇಡಿ. ಕೆಳಗಿನ ಅಳತೆ 2 ಲೀಟರ್ ಕೆನೆ ತೆಗೆಯದ ಹಸುವಿನ ಹಾಲಿಗೆ.

ದಪ್ಪ ತಳದ ಪಾತ್ರೆಯಲ್ಲಿ ಹಾಲನ್ನು 90 ಡಿಗ್ರಿ ಸೆಲ್ಸಿಯಸ್‌ಗೆ ತಂದು 10 ನಿಮಿಷ ಅಲ್ಲೇ ಹಿಡಿದಿಡಿ, ಆಗಾಗ ಕೈಯಾಡಿಸಿ. ಈ ಹತ್ತು ನಿಮಿಷ ರೋಗಾಣು ಕೊಲ್ಲಲು ಮಾತ್ರವಲ್ಲ. ಹಾಲಿನ ತಿಳಿಭಾಗದಲ್ಲಿರುವ ಪ್ರೋಟೀನ್ ಈ ಬಿಸಿಗೆ ಬಿಚ್ಚಿಕೊಂಡು ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್‌ನ ಕಣಗಳಿಗೆ ಅಂಟುತ್ತದೆ. ಮುಂದೆ ಹೆಪ್ಪಾದಾಗ ಈ ಕಣಗಳು ಹೆಣೆಯುವ ಬಲೆ ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಬರೀ ಉಕ್ಕು ಬರಿಸಿ ಇಳಿಸಿದ ಹಾಲಿನ ಮಾತ್ಸುನ್ ಬೇಗ ನೀರು ಬಿಡುವುದು ಈ ಕೆಲಸ ಅರ್ಧಕ್ಕೇ ನಿಂತದ್ದರಿಂದ. ಇನ್ನೂ ಗಟ್ಟಿ ಬೇಕಿದ್ದರೆ ಸಣ್ಣ ಉರಿಯಲ್ಲಿ ಹತ್ತನೇ ಒಂದು ಭಾಗ ಇಂಗುವವರೆಗೆ ಬಿಡಿ.

ಈಗ 43–45 ಡಿಗ್ರಿಗೆ ತಣಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಶುಚಿಯಾದ ಕಿರುಬೆರಳು ಅದ್ದಿ: ಚುರುಕೆನ್ನಬೇಕು, ಆದರೆ ನಿಧಾನವಾಗಿ ಹತ್ತು ಎಣಿಸುವವರೆಗೆ ಬೆರಳು ಇಡಲು ಸಾಧ್ಯವಾಗಬೇಕು. ಹೆಪ್ಪಿಗೆ ಅರ್ಮೇನಿಯನ್ನರು ‘ಮೆರಾನ್’ ಎನ್ನುತ್ತಾರೆ, ಹಾಕುವ ಕೆಲಸಕ್ಕೆ ‘ಮೆರೆಲ್’. 2 ಲೀಟರಿಗೆ 50–60 ಗ್ರಾಂ ಮೆರಾನ್, ಅಂದರೆ ಊಟದ ಚಮಚದಲ್ಲಿ ಮೂರು. ಒಂದು ಬಟ್ಟಲು ಬೆಚ್ಚಗಿನ ಹಾಲಿನಲ್ಲಿ ಗಂಟಿಲ್ಲದಂತೆ ಕದಡಿ ಪಾತ್ರೆಗೆ ಸುರಿದು ಎರಡು ಮೂರು ಸುತ್ತು ತಿರುಗಿಸಿ. ಮುಚ್ಚಿ, ಕಂಬಳಿ ಸುತ್ತಿ, ಅಲುಗಾಡದ ಜಾಗದಲ್ಲಿಡಿ.

ಬೇಗ ಆಗಲಿ ಎಂದು ಮೆರಾನ್ ಜಾಸ್ತಿ ಹಾಕಿದರೆ ಹುಳಿ ಬೇಗ ಬರುತ್ತದೆ, ಬಲೆ ಹೆಣೆದುಕೊಳ್ಳಲು ಸಮಯ ಸಾಲುವುದಿಲ್ಲ, ರವೆಯಂತೆ ತರಿತರಿಯಾಗುತ್ತದೆ.

ಮೂರೂವರೆ ಗಂಟೆಯಾದಮೇಲೆ ಒಮ್ಮೆ ನೋಡಿ. ರುಚಿ ನೋಡಬೇಡಿ, ಪಾತ್ರೆಯನ್ನು ತುಸು ಓರೆ ಮಾಡಿ. ಇಡೀ ಗಡ್ಡೆ ಒಂದಾಗಿ ವಾಲಿ ಅಂಚಿನಿಂದ ನುಣ್ಣಗೆ ಬಿಟ್ಟುಕೊಂಡರೆ ಹಾಲು ‘ಮಾತ್ಸ್’ ಆಯಿತು. ಮೇಲ್ಪದರ ಮಾತ್ರ ನಡುಗಿ ಕೆಳಗೆ ಹರಿದಾಡಿದರೆ ಇನ್ನೂ ಅರ್ಧ ಗಂಟೆ ಬೇಕು. ಸಾಮಾನ್ಯವಾಗಿ 4ರಿಂದ 5 ಗಂಟೆಯೊಳಗೆ ಆಗುತ್ತದೆ. ಆಮ್ಲೀಯತೆ ಪಿಎಚ್ 4.6ರ ಆಸುಪಾಸಿಗೆ ಬಂದಾಗ ಕೇಸೀನ್ ಕಣಗಳು ಒಂದನ್ನೊಂದು ದೂಡುವುದನ್ನು ಬಿಟ್ಟು ಅಂಟಿಕೊಳ್ಳುತ್ತವೆ. ಹೆಸರಿನಲ್ಲಿರುವುದು ಈ ಗಳಿಗೆ. ಇಲ್ಲಿಂದ ಮುಂದೆ ಬೆಚ್ಚಗಿಟ್ಟಷ್ಟೂ ಹುಳಿ ಏರುತ್ತದೆ, ಬಲೆ ಕುಗ್ಗಿ ನೀರು ಹಿಂಡಿಕೊಳ್ಳುತ್ತದೆ. ಆದ್ದರಿಂದ ಗಟ್ಟಿಯಾದ ಕೂಡಲೇ ಕಂಬಳಿ ಬಿಚ್ಚಿ, ಕುಲುಕದೆ ತಣ್ಣೀರಿನಲ್ಲಿ ಕೂರಿಸಿ, ಆಮೇಲೆ ಫ್ರಿಜ್ಜಿಗೆ. ತಿನ್ನುವ ಮೊದಲು 8 ಗಂಟೆ ತಣ್ಣಗಿದ್ದರೆ ಹದ ಇನ್ನಷ್ಟು ಬಿಗಿಯಾಗುತ್ತದೆ.

ಕೆಟ್ಟರೆ ಯಾಕೆ

ಎಂಟು ಗಂಟೆಯಾದರೂ ಹಾಲು ಹಾಲಾಗಿಯೇ ಇದ್ದರೆ ಕಾರಣ ಮೂರರಲ್ಲಿ ಒಂದು: ಹಾಲು 50 ಡಿಗ್ರಿಗಿಂತ ಬಿಸಿ ಇದ್ದಾಗ ಮೆರಾನ್ ಹಾಕಿದ್ದೀರಿ, ಮೆರಾನ್ ತೀರ ಹಳೆಯದು, ಇಲ್ಲವೇ ಹಾಲಿನಲ್ಲಿ ಪ್ರತಿಜೀವಕದ (ಆಂಟಿಬಯಾಟಿಕ್) ಶೇಷ ಇದೆ. ಮೂರನೆಯದನ್ನು ಕಂಡುಹಿಡಿಯುವ ದಾರಿ: ಅದೇ ಮೆರಾನನ್ನು ಬೇರೆ ಕಡೆಯ ಒಂದು ಲೋಟ ಹಾಲಿಗೆ ಹಾಕಿ ನೋಡುವುದು.

ನೂಲು ನೂಲಾಗಿ, ಲೋಳೆಯಾಗಿ ಬಂದರೆ ಪಾತ್ರೆ ಬೇಗ ತಣ್ಣಗಾಗಿದೆ. ಮಾತ್ಸುನ್‌ನ ಮುಖ್ಯ ಕೆಲಸಗಾರರು ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ಬಲ್ಗಾರಿಕಸ್. ಎರಡೂ ಬಿಸಿ ಬಯಸುವವು. 35 ಡಿಗ್ರಿಗಿಂತ ಕೆಳಗೆ ಅವು ಮಂದವಾಗಿ, ತಂಪಿನಲ್ಲೇ ಬೆಳೆಯುವ ಬೇರೆ ಬ್ಯಾಕ್ಟೀರಿಯಾಗಳು ಮುಂದಾಗುತ್ತವೆ. ಔಷಧಿ ಅಂಗಡಿಯಲ್ಲಿ ಸಿಗುವ ‘ನರಿನೆ’ ಪುಡಿಯಿಂದ ಹೆಪ್ಪು ಹಾಕಿದರೂ ಲೋಳೆ ಬರಬಹುದು. ಅದು ಅರ್ಮೇನಿಯಾದ ಸೂಕ್ಷ್ಮಜೀವಿ ವಿಜ್ಞಾನಿ ಲೆವೊನ್ ಯೆರ್ಜಿಂಕ್ಯಾನ್ ಬೇರ್ಪಡಿಸಿದ ಅಸಿಡೋಫಿಲಸ್ ಎಂಬ ಬ್ಯಾಕ್ಟೀರಿಯಾದ ತಳಿ. ಒಳ್ಳೆಯದೇ, ಆದರೆ ಅದರಿಂದಾಗುವುದು ಮಾತ್ಸುನ್ ಅಲ್ಲ.

ಮೆರಾನ್ ಎತ್ತಿಡುವಾಗ ಪಾತ್ರೆಯ ನಡುಭಾಗದಿಂದ, ಒಣ ಚಮಚದಲ್ಲಿ, ಉಪ್ಪು ಬೆಳ್ಳುಳ್ಳಿ ಸೋಕುವ ಮೊದಲೇ ತೆಗೆದಿಡಿ. 5ರಿಂದ 7 ದಿನದೊಳಗೆ ಮತ್ತೆ ಹಾಕಿ. ತಡವಾದಷ್ಟೂ ಹುಳಿ ತಾಳುವ ಬಲ್ಗಾರಿಕಸ್ ಮಾತ್ರ ಉಳಿದು ಜೋಡಿಯ ತೂಕ ತಪ್ಪುತ್ತದೆ. ಮಾತ್ಸುನ್ ಪ್ರತಿ ಸಲವೂ ಹಿಂದಿನದಕ್ಕಿಂತ ಹುಳಿಯಾಗುತ್ತ ಹೋಗುವುದು ಇದರಿಂದಲೇ. ಸರಿಪಡಿಸಲು ಅರ್ಧ ಲೀಟರ್ ಹಾಲಿಗೆ ಒಂದೇ ಟೀಚಮಚ ಮೆರಾನ್ ಹಾಕಿ, ಗಟ್ಟಿಯಾದ ಕ್ಷಣವೇ ತಣ್ಣಗಾಗಿಸಿ. ಹೀಗೆ ಎರಡು ಸಲ ಮಾಡಿದರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ.

ಹೆಸರಿನ ಬಳಗ, ಅಡುಗೆಯ ಬಳಗ

ಸಮಾಸದಲ್ಲಿ ಮಾತ್ಸುನ್ ಕುಗ್ಗುತ್ತದೆ. ಅರ್ಮೇನಿಯನ್‌ನಲ್ಲಿ ಒತ್ತು ಪದದ ಕೊನೆಯ ಸ್ವರದ ಮೇಲೆ. ಪದ ಬೆಳೆದು ಒತ್ತು ಮುಂದೆ ಸರಿದರೆ ಹಿಂದೆ ಉಳಿದ ‘ಉ’ ಮಾಯವಾಗುತ್ತದೆ. ಹಾಗಾಗಿ ಮಾತ್ಸುನ್ ‘ಮಾತ್ಸ್ನಾ-’ ಆಗುತ್ತದೆ. ‘ಮಾತ್ಸ್ನಾಬ್ರ್ದೋಶ್’ ಎಂಬ ಹೆಸರು ಕಂಡರೆ ಗಾಬರಿಯಾಗಬೇಡಿ: ಮೊದಲ ಭಾಗ ಮಾತ್ಸುನ್, ಎರಡನೆಯದು ‘ಬ್ರ್ದೆಲ್’, ಅಂದರೆ ರೊಟ್ಟಿಯನ್ನು ಮುರಿದು ಪುಡಿಮಾಡುವುದು. ತೆಳುವಾಗಿ ಕದಡಿದ ತಣ್ಣನೆಯ ಮಾತ್ಸುನ್‌ಗೆ ಲವಾಶ್ ಎಂಬ ತೆಳು ರೊಟ್ಟಿಯ ಒಣ ಚೂರು, ಸೌತೆಕಾಯಿ, ಸೊಪ್ಪು. ಚೂರುಗಳನ್ನು ಬಡಿಸುವ ಹೊತ್ತಿಗೇ ಹಾಕಿ, ಹತ್ತು ನಿಮಿಷ ಕಳೆದರೆ ಅಂಬಲಿಯಾಗುತ್ತದೆ.

ತೋಲ್ಮಾ ಜೊತೆ ಬರುವುದು ‘ಸ್ಖ್ತೊರೊವ್ ಮಾತ್ಸುನ್’, ಬೆಳ್ಳುಳ್ಳಿ ಹಾಕಿದ ಮಾತ್ಸುನ್. ಒಂದು ಬಟ್ಟಲಿಗೆ ಎರಡು ಮೂರು ಎಸಳು ಉಪ್ಪಿನೊಂದಿಗೆ ನುಣ್ಣಗೆ ಜಜ್ಜಿ ಸೇರಿಸಿ, ಅರ್ಧ ಗಂಟೆ ಬಿಡಿ. ಮಾರನೆಯ ದಿನಕ್ಕೆ ಇಟ್ಟರೆ ಕಟುವಾಗುತ್ತದೆ. ‘ಕಾಮಾತ್ಸ್ ಮಾತ್ಸುನ್’ ಎಂದರೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿ ನೀರು ಬಸಿದದ್ದು. 2 ಲೀಟರಿನಿಂದ 8 ಗಂಟೆಯಲ್ಲಿ ಸುಮಾರು 800 ಗ್ರಾಂ. ಇದರಲ್ಲಿರುವ ‘ಕಾಮಾತ್ಸ್’ ಬೇರೆಯೇ ಕ್ರಿಯಾಪದದ್ದು, ‘ಹಿಂಡಿದ’ ಎಂದರ್ಥ. ಕೊನೆಯಲ್ಲಿ ಕೇಳಿಸುವ ‘ಮಾತ್ಸ್’ ಕಂಡು ಅದೇ ಧಾತು ಎಂದುಕೊಳ್ಳಬೇಡಿ. ‘ಕಾಮ್’ ಧಾತು, ‘-ಅತ್ಸ್’ ಪ್ರತ್ಯಯ.

ಸ್ಪಾಸ್ ಎಂಬ ಸಾರಿನಲ್ಲೇ ಹೆಚ್ಚು ಜನ ಸೋಲುವುದು, ಏಕೆಂದರೆ ಮಾತ್ಸುನ್ ಕುದಿಸಿದರೆ ಒಡೆಯುತ್ತದೆ. ಹೊಟ್ಟು ತೆಗೆದ ಗೋಧಿ 100 ಗ್ರಾಂ ಮೊದಲೇ ಮೆತ್ತಗೆ ಬೇಯಿಸಿಟ್ಟುಕೊಳ್ಳಿ. ತಣ್ಣನೆಯ ಪಾತ್ರೆಯಲ್ಲಿ ಒಂದು ಮೊಟ್ಟೆ, ಎರಡು ಚಮಚ ಮೈದಾ, 1 ಲೀಟರ್ ಮಾತ್ಸುನ್ ಈ ಕ್ರಮದಲ್ಲಿ ಕಡೆದು, ಆಮೇಲೆ ಮುಕ್ಕಾಲು ಲೀಟರ್ ನೀರು ಸೇರಿಸಿ. ಮಧ್ಯಮ ಉರಿಯಲ್ಲಿ, ಕೈ ನಿಲ್ಲಿಸದೆ, ತಳ ಮುಟ್ಟಿ ತಿರುಗಿಸುತ್ತ ಮೊದಲ ಕುದಿಗೆ ತನ್ನಿ. ಪಿಷ್ಟವೂ ಮೊಟ್ಟೆಯೂ ಕೇಸೀನ್ ಕಣಗಳ ನಡುವೆ ಸೇರಿ ಅವು ಗಂಟುಗೂಡದಂತೆ ತಡೆಯುತ್ತವೆ; ಒಮ್ಮೆ ಕುದಿ ಬಂದಮೇಲೆ ಅಪಾಯ ಕಳೆದಂತೆ. ಗೋಧಿ ಹಾಕಿ ಹತ್ತು ನಿಮಿಷ ಸಣ್ಣಗೆ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಈರುಳ್ಳಿ ಮತ್ತು ಕೊತ್ತಂಬರಿ ಸೇರಿಸಿ. ಉಪ್ಪು ಕೊನೆಗೆ. ಮೊದಲೇ ಹಾಕಿದರೆ ಒಡೆಯುವ ಸಂಭವ ಹೆಚ್ಚು. ಈ ಸಾರಿಗೆ ‘ತಾನಾಪುರ್’ ಎಂಬ ಹೆಸರೂ ಇದೆ: ‘ತಾನ್’ ಮಜ್ಜಿಗೆ, ‘ಆಪುರ್’ ಸಾರು.

ತಾನ್ ಕುಡಿಯಲು ಮಾಡುವುದಾದರೆ ಸಮಸಮ ಮಾತ್ಸುನ್ ಮತ್ತು ತಣ್ಣೀರು, ಲೀಟರಿಗೆ ಅರ್ಧ ಟೀಚಮಚ ಉಪ್ಪು, ಅಷ್ಟೇ. ಹಳ್ಳಿಯ ತಾನ್ ಮಾತ್ರ ಬೆಣ್ಣೆ ತೆಗೆದಮೇಲೆ ಉಳಿಯುವಂಥದು. ಕೆನೆಯನ್ನಲ್ಲ, ಇಡೀ ಮಾತ್ಸುನ್ ಅನ್ನೇ ‘ಖ್ನೊತ್ಸಿ’ ಎಂಬ ಮಣ್ಣಿನ ಅಥವಾ ಮರದ ಪೀಪಾಯಿಯಲ್ಲಿ ಹಾಕಿ ಹಿಂದೆ ಮುಂದೆ ತೂಗಿ ಬೆಣ್ಣೆ ತೆಗೆಯುತ್ತಿದ್ದರು. ಆ ತಾನ್ ಒಣಗಿಸಿದರೆ ‘ಚೊರ್ತಾನ್’. ‘ಚೊರ್’ ಎಂದರೆ ಒಣ. ಮಾಡುವ ಕ್ರಮ: ಉಪ್ಪು ಹಾಕದ, ಬೆಣ್ಣೆ ಪೂರ್ತಿ ತೆಗೆದ ತಾನ್ ಅನ್ನು ಸಣ್ಣ ಉರಿಯಲ್ಲಿ ಒಡೆಯುವವರೆಗೆ ಕಾಯಿಸಿ. ಬಟ್ಟೆಯಲ್ಲಿ ಒಂದು ರಾತ್ರಿ ಬಸಿದು, ಉಳಿದ ಗಟ್ಟಿಯ ತೂಕದ ನೂರಕ್ಕೆ ಮೂರರಷ್ಟು ಉಪ್ಪು ನಾದಿ, ಅಕ್ರೋಟು ಗಾತ್ರದ ಉಂಡೆ ಕಟ್ಟಿ. ಗಾಳಿಯಾಡುವ ನೆರಳಿನಲ್ಲಿ ಬಟ್ಟೆಯ ಮೇಲೆ ಹರವಿ, ದಿನಕ್ಕೊಮ್ಮೆ ಮಗುಚುತ್ತ ಒಂದು ವಾರ ಒಣಗಿಸಿ. ಸುಡು ಬಿಸಿಲಿಗಿಟ್ಟರೆ ಹೊರಗೆ ಚಿಪ್ಪುಗಟ್ಟಿ ಒಳಗಿನ ತೇವ ಸಿಕ್ಕಿಬಿದ್ದು ಬೂಸು ಹಿಡಿಯುತ್ತದೆ. ಜಿಡ್ಡು ಉಳಿದಿದ್ದರೆ ತಿಂಗಳೊಳಗೆ ಕಮಟು. ಉಂಡೆಯನ್ನು ಒಡೆದಾಗ ನಡುಭಾಗವೂ ಹೊರಗಿನಷ್ಟೇ ಒಣಗಿ ಸುಣ್ಣದಂತೆ ಪುಡಿಯಾದರೆ ಸಿದ್ಧ. ಬಳಸುವ ಹಿಂದಿನ ರಾತ್ರಿ ಬೆಚ್ಚನೆ ನೀರಿನಲ್ಲಿ ನೆನೆಹಾಕಿ, ಬೆಳಿಗ್ಗೆ ಅದೇ ನೀರಿನಲ್ಲಿ ಕೈಯಿಂದ ಉಜ್ಜಿ ಕರಗಿಸಿ, ಸೋಸಿ ಸ್ಪಾಸ್‌ಗೆ ಮಾತ್ಸುನ್ ಬದಲು ಹಾಕಿ. ಉಪ್ಪು ಅದರಲ್ಲೇ ಇರುತ್ತದೆ, ಬೇರೆ ಹಾಕುವ ಮೊದಲು ರುಚಿ ನೋಡಿ.